ಬೆರಳು ಬೇಡ ಅಂದಾಗ

ಪುಟ್ಟಿ, ನಿನ್ನಮ್ಮ ಫೋನ್ ಮಾಡಿದ್ದಳು. ಗ್ರೇಡ್ ಪರೀಕ್ಷೆ ಹತ್ತಿರ ಬಂತು ಅಂತ ಹೊತ್ತುಗೊತ್ತಿಲ್ಲದೆ ಪಿಯಾನೋ ಮುಂದೆ ಕೂರುತ್ತೀಯಂತೆ. ಬಲಗೈ ಕಿರುಬೆರಳು ಹಿಡಿದುಕೊಂಡರೂ ಮುಲಾಮು ಹಚ್ಚಿಕೊಂಡು ಮತ್ತೆ ಶುರು ಮಾಡುತ್ತೀಯಂತೆ. ಅವಳಿಗೆ ಅದು ಹೆಮ್ಮೆ, ನನಗೆ ಗಾಬರಿ. ಕೈ ಬಿದ್ದುಹೋಗುವ ಹಾಗೆ ಸಾಧಕ ಮಾಡಿದವರನ್ನು ಹಾಡಿ ಹೊಗಳುವ ಚಾಳಿ ಸಂಗೀತದವರಲ್ಲಿ ಎಲ್ಲ ಕಡೆಯೂ ಇದೆ. ಆ ಹೊಗಳಿಕೆಗೆ ಮರುಳಾಗಬೇಡ. ಕಾನ್ಸರ್ಟ್ ಪಿಯಾನಿಸ್ಟ್ ಆಗುತ್ತೇನೆ ಅಂತೀಯಲ್ಲ, ಹಾಗಾದರೆ ಲಿಯಾನ್ ಫ್ಲೈಶರ್ ಬಾಳಿದ ಬಗೆ ನಿನಗೆ ಗೊತ್ತಿರಬೇಕು.

ಅವರು 1928ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು. ಮಗ ದೊಡ್ಡ ಪಿಯಾನಿಸ್ಟ್ ಆಗಲೇಬೇಕು ಅಂತ ತಾಯಿಯ ಹಟ. ಬೀಥೋವನ್ ವಿಷಯದಲ್ಲಿ ಆಗ ಪಿಯಾನಿಸ್ಟ್ ಆರ್ಟುರ್ ಷ್ನಾಬೆಲ್ ಮಾತಿಗೆ ಎದುರಿರಲಿಲ್ಲ. ಆದರೆ ಅವರು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿರಲಿಲ್ಲ. ಅವರು ಊರಿಗೆ ಬಂದು ಆಲ್ಫ್ರೆಡ್ ಹರ್ಟ್ಸ್ ಎಂಬ ಕಂಡಕ್ಟರ್ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಹುಡುಗನನ್ನು ನೆಲಮಾಳಿಗೆಯ ಬಾಗಿಲಿನಿಂದ ಒಳಗೆ ಸೇರಿಸಿದರು. ಊಟ ಮುಗಿಸಿ ಎದ್ದುಬಂದರೆ ಪಿಯಾನೋ ಮುಂದೆ ಒಬ್ಬ ಪೋರ! ಕೇಳಿದರು, ಒಪ್ಪಿದರು. ಷರತ್ತು ಒಂದೇ: ಇನ್ನು ಸದ್ಯಕ್ಕೆ ಕಚೇರಿ ಬಂದ್. ರೀಲ್ಸ್ ಹಾಕುವ ಅವಸರದವರು ಈ ಷರತ್ತನ್ನು ಎರಡು ಸಲ ಓದಿಕೊಳ್ಳಬೇಕು.

ಷ್ನಾಬೆಲ್ ಮನೆಯಲ್ಲಿ ಒಬ್ಬರಿಗೆ ಪಾಠ ನಡೆಯುವಾಗ ಉಳಿದ ಶಿಷ್ಯರೂ ಕೂತು ಕೇಳುತ್ತಿದ್ದರು. ಸ್ವರ ಮೊದಲು ತಲೆಯಲ್ಲಿ ಕೇಳಿಸಬೇಕು, ಬೆರಳು ಆಮೇಲೆ. ಸುಮಾರು ಹತ್ತು ವರ್ಷ ಫ್ಲೈಶರ್ ಹೀಗೆ ಕಲಿತರು. ನಡುವೆ 1944ರಲ್ಲಿ, ಹದಿನಾರರ ಹರೆಯದಲ್ಲಿ, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆ ಬ್ರಾಮ್ಸ್ ಕಾನ್ಸರ್ಟೊ ನುಡಿಸಿದರು. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಸಬೆತ್ ಸ್ಪರ್ಧೆ ಗೆದ್ದ ಮೊದಲ ಅಮೆರಿಕನ್ ಆದರು. ಜಾರ್ಜ್ ಸೆಲ್ ಅವರ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ ಮಾಡಿದ ಬೀಥೋವನ್, ಬ್ರಾಮ್ಸ್ ರೆಕಾರ್ಡಿಂಗ್‌ಗಳನ್ನು ಕೇಳುವವರು ಇವತ್ತಿಗೂ ಇದ್ದಾರೆ.

ಮೂವತ್ತಾರರ ಹೊತ್ತಿಗೆ ಬಲಗೈ ಉಂಗುರ ಬೆರಳು, ಕಿರುಬೆರಳು ಮಾತು ಕೇಳದಾದವು. ಮೊದಮೊದಲು ಏನೋ ಮಂದ ಅನ್ನಿಸಿತು, ಆಮೇಲೆ ಎರಡೂ ತಾವಾಗಿಯೇ ಅಂಗೈ ಒಳಕ್ಕೆ ಮಡಚಿಕೊಳ್ಳತೊಡಗಿದವು. ಅದಕ್ಕೆ ಅವರು ಏನು ಮಾಡಿದರು ಗೊತ್ತಾ? ನೀನು ಮಾಡುತ್ತಿರುವುದನ್ನೇ, ಇನ್ನೂ ಹೆಚ್ಚು ಸಾಧಕ. ಸೆಲ್ ಜೊತೆ ಹೋಗಬೇಕಿದ್ದ 1965ರ ಸೋವಿಯತ್ ಪ್ರವಾಸ ಕೈತಪ್ಪಿತು. ಜೀವವೇ ಬೇಡ ಅನ್ನಿಸುವಷ್ಟು ಕುಸಿದರು. ಕೂದಲು ಬೆಳೆಸಿ ಜುಟ್ಟು ಕಟ್ಟಿಕೊಂಡು ವೆಸ್ಪಾ ಸ್ಕೂಟರ್ ಹತ್ತಿ ತಿರುಗಿದ್ದೂ ಉಂಟು.

ರೋಗಕ್ಕೆ ಫೋಕಲ್ ಡಿಸ್ಟೋನಿಯಾ ಅನ್ನುತ್ತಾರೆ. ಬೆರಳಿನ ಸ್ನಾಯು ಗಟ್ಟಿಯಾಗಿಯೇ ಇರುತ್ತದೆ, ಮಿದುಳಿನಿಂದ ಅದಕ್ಕೆ ಹೋಗುವ ಅಪ್ಪಣೆ ಎಡವಟ್ಟಾಗುತ್ತದೆ. ಹೆಚ್ಚುಹೆಚ್ಚು ಬಾರಿಸಿ ಸರಿಮಾಡುತ್ತೇನೆ ಅಂದರೆ ತಪ್ಪು ಚಲನೆಯೇ ಇನ್ನಷ್ಟು ಬೇರೂರುತ್ತದೆ. ನಿನಗೆ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ಹೆದರಬೇಡ. ಬರೀ ಆಯಾಸವೇ ಇರಬಹುದು. ಆದರೆ ಆಯಾಸಕ್ಕೂ ಮದ್ದು ವಿಶ್ರಾಂತಿಯೇ ಹೊರತು ಮುಲಾಮಲ್ಲ.

ಇಲ್ಲಿಂದ ಮುಂದಿನ ಭಾಗವೇ ನನಗೆ ದೊಡ್ಡದು. ಬಾಲ್ಟಿಮೋರ್‌ನ ಪೀಬಡಿ ಸಂಗೀತ ಶಾಲೆಯಲ್ಲಿ ಅವರು 1959ರಿಂದಲೇ ಮೇಷ್ಟರಾಗಿದ್ದರು. ಈಗ ಶಿಷ್ಯರನ್ನು ಪಕ್ಕಕ್ಕೆ ಸರಿಸಿ ‘ಹೀಗೆ ಬಾರಿಸು’ ಅಂತ ತೋರಿಸುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು. ಅದರಿಂದ ತಾವು ಇನ್ನೂ ಒಳ್ಳೆಯ ಮೇಷ್ಟರಾದೆವು ಅಂತ ಅವರೇ ಹೇಳಿಕೊಂಡಿದ್ದಾರೆ. ಆಂಡ್ರೆ ವಾಟ್ಸ್, ಯೆಫಿಮ್ ಬ್ರಾನ್‌ಫ್ಮನ್, ಜೋನಾಥನ್ ಬಿಸ್ ಅವರ ಹತ್ತಿರ ಕಲಿತವರು. ಜೊತೆಗೆ ಆರ್ಕೆಸ್ಟ್ರಾ ನಡೆಸಿದರು, ಎಡಗೈ ಒಂದಕ್ಕೇ ಬರೆದ ಕೃತಿಗಳನ್ನು ನುಡಿಸಿದರು. ಇಂಥ ಕೃತಿಗಳು ಇಷ್ಟೊಂದು ಇರುವುದಕ್ಕೆ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಾಲ್ ವಿಟ್ಗೆನ್‌ಸ್ಟೈನ್ ಬಹುಮಟ್ಟಿಗೆ ಕಾರಣ. ರಾವೆಲ್ ಕೈಲೂ ಪ್ರೊಕೊಫಿಯೆಫ್ ಕೈಲೂ ದುಡ್ಡು ಕೊಟ್ಟು ಬರೆಸಿದ ಆಸಾಮಿ! ಹಿಂಡೆಮಿತ್ 1923ರಲ್ಲಿ ಬರೆದುಕೊಟ್ಟಿದ್ದನ್ನು ನುಡಿಸದೆ ಎತ್ತಿಟ್ಟುಬಿಟ್ಟಿದ್ದ. ವಿಟ್ಗೆನ್‌ಸ್ಟೈನ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಆ ಹಸ್ತಪ್ರತಿ ಸಿಕ್ಕಿತು. 2004ರಲ್ಲಿ ಬರ್ಲಿನ್‌ನಲ್ಲಿ ಅದನ್ನು ಮೊಟ್ಟಮೊದಲು ನುಡಿಸಿದ್ದು ಫ್ಲೈಶರ್.

ಅದೇ ವರ್ಷ ‘ಟೂ ಹ್ಯಾಂಡ್ಸ್’ ಅನ್ನುವ ಆಲ್ಬಂ ಬಂತು. ತೊಂಬತ್ತರ ದಶಕದಲ್ಲಿ ಬೊಟಾಕ್ಸ್ ಇಂಜೆಕ್ಷನ್, ಸ್ನಾಯುಗಳನ್ನು ಆಳವಾಗಿ ತಿಕ್ಕುವ ರಾಲ್ಫಿಂಗ್ ಎಂಬ ಚಿಕಿತ್ಸೆ, ಎರಡರಿಂದಲೂ ಬೆರಳು ಸಡಿಲಗೊಂಡಿದ್ದವು. ಪೂರ್ತಿ ವಾಸಿ ಆಗಲಿಲ್ಲ, ಎರಡು ಕೈ ಸೇರುವಷ್ಟಾಯಿತು. 2020ರಲ್ಲಿ ತೀರಿಕೊಂಡಾಗ ಅವರಿಗೆ 92.

ಈಗ ನಿನ್ನ ಕೆಲಸಕ್ಕೆ ಬರೋಣ. ಬೆರಳು ಹಿಡಿದ ಕೂಡಲೇ ಪಿಯಾನೋ ಮುಚ್ಚು. ನೋವು ಮತ್ತೆ ಮತ್ತೆ ಬಂದರೆ ಡಾಕ್ಟರ ಹತ್ತಿರ ಹೋಗು, ನಿನ್ನ ಟೀಚರಿಗೂ ಹೇಳು. ಬೈದರೆ ಬೈಸಿಕೋ. ಪಿಯಾನೋ ಮುಚ್ಚಿದ ಹೊತ್ತಲ್ಲಿ ಸ್ವರಲಿಪಿ ಹಿಡಿದು ಕೂತು ತಲೆಯಲ್ಲೇ ನುಡಿಸು, ಅದೂ ಸಾಧಕವೇ. ನಿನ್ನ ಕ್ಲಾಸ್ ಮುಗಿದ ತಕ್ಷಣ ಓಡಿಬರಬೇಡ, ಮುಂದಿನ ಹುಡುಗನ ಪಾಠ ಮುಗಿಯುವ ತನಕ ಮೂಲೆಯಲ್ಲಿ ಕೂತು ಕೇಳು. ಕೆಳಗಿನ ಮನೆ ಮಗು ಕಲಿಯಲು ಬರುತ್ತೇನೆ ಅಂದಿತ್ತಲ್ಲ, ಟೈಮಿಲ್ಲ ಅಂತ ವಾಪಸ್ ಕಳಿಸಿದೆಯಂತೆ. ವಾರಕ್ಕೆ ಅರ್ಧ ಗಂಟೆ ಸಾಕು, ಕರೆದು ಹೇಳಿಕೊಡು. ಪರೀಕ್ಷೆಯನ್ನು ಮುಂದಿನ ಸಲಕ್ಕೆ ಹಾಕಿಕೊಳ್ಳಬೇಕಾದರೆ ಹಾಕಿಕೋ, ಫೀಸು ಹೋದರೆ ಹೋಗಲಿ. ನಿನ್ನಮ್ಮನ ಹತ್ತಿರ ನಾನು ಮಾತಾಡುತ್ತೇನೆ.