ಇಪ್ಪತ್ತು ದಾಟಿದ್ದ ಹುಡುಗ

ಮಕ್ಕಳೇ, ಕುರ್ಬಾನ್ ಹುಸೇನ್ ಎಂಬ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. ಪೂರ್ತಿ ಹೆಸರು ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಊರು ಸೊಲ್ಲಾಪುರ. 1910ರಲ್ಲಿ ಹುಟ್ಟಿದವನನ್ನು 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ನೇಣಿಗೆ ಹಾಕಿದರು. ನಿಮ್ಮಲ್ಲಿ ಸಾಗರದ ಕಾಲೇಜಿಗೆ ಬಸ್ಸು ಹಿಡಿದು ಹೋಗಿ ಡಿಗ್ರಿಯ ಕೊನೆಯ ವರ್ಷ ಓದುವವರಿದ್ದೀರಲ್ಲ, ಹೆಚ್ಚುಕಡಿಮೆ ಆ ಪ್ರಾಯ. ಅಷ್ಟರೊಳಗೆ ಅವನು ಗಿರಣಿ ಕಾರ್ಮಿಕರ ನಾಯಕನಾಗಿದ್ದ, ಪತ್ರಿಕೆಯೊಂದರ ಸಂಪಾದಕನಾಗಿದ್ದ, ಊರಿಗೆ ಬೇಕಾದವನಾಗಿದ್ದ.

ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ದಂಡೆಯವರಿಗೆ ಸೊಲ್ಲಾಪುರದ ಹುಡುಗ ಏನಾಗಬೇಕು ಎಂದು ಕೇಳಬಹುದು. ಸೊಲ್ಲಾಪುರ ನಮಗೆ ದೂರದ ಊರಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆ ಅದು. ಸಿದ್ಧರಾಮ ಜನರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸಿದ ಊರು. ಇವತ್ತಿಗೂ ಅಕ್ಕಲಕೋಟೆಯ ಕಡೆ ಹೋದರೆ ಮನೆಮನೆಯಲ್ಲಿ ಕನ್ನಡ ಕೇಳಿಸುತ್ತದೆ. ಕುರ್ಬಾನ್ ಹುಸೇನನ ಕಾಲಕ್ಕೆ ಸೊಲ್ಲಾಪುರ ಹತ್ತಿ ಗಿರಣಿಗಳ ಪಟ್ಟಣವಾಗಿತ್ತು. ಕನ್ನಡದವರು, ಮರಾಠಿಯವರು, ತೆಲುಗಿನ ನೇಕಾರರು ಒಂದೇ ಸೈರನ್ನಿಗೆ ಎದ್ದು ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಿದ್ದರು.

ಬಡತನದ ಮನೆಯಿಂದ ಬಂದ ಕುರ್ಬಾನ್ ಹುಸೇನ್ ಗಿರಣಿ ಸೇರಿದ. ಅಲ್ಲಿ ತನ್ನ ಜೊತೆ ಬೆವರು ಸುರಿಸುವವರನ್ನು ಒಟ್ಟುಗೂಡಿಸಿದ. ‘ಗಜನಫರ್’ ಎಂಬ ವಾರಪತ್ರಿಕೆ ನಡೆಸಿ ಕಾರ್ಮಿಕರ ಕಷ್ಟ ಬರೆದ, ಹಿಂದೂ ಮುಸಲ್ಮಾನರು ಕೂಡಿ ನಿಲ್ಲಬೇಕೆಂದು ಬರೆದ. ಒಂದು ವಾರಪತ್ರಿಕೆ ಎಂದರೆ ಏನು ಎಂದು ಒಂದು ಕ್ಷಣ ಯೋಚಿಸಿ. ಮೊಳೆ ಜೋಡಿಸುವ ಅಚ್ಚುಕೂಟದ ಕಾಲ ಅದು. ವಾರ ತಪ್ಪದೆ ಬರೆಯಬೇಕು, ಕಾಗದಕ್ಕೆ ದುಡ್ಡು ಹೊಂದಿಸಬೇಕು, ಕರಡು ತಿದ್ದಬೇಕು, ಅಚ್ಚಾದದ್ದನ್ನು ಜನರ ಕೈಗೆ ಮುಟ್ಟಿಸಬೇಕು, ಓದಲು ಬಾರದವರಿಗೆ ಓದಿ ಹೇಳುವವರು ಬೇಕು. ಬೇಸರ ಬಂದ ವಾರವೂ ಪತ್ರಿಕೆ ಬರಲೇಬೇಕು. ನಾನು ನಿಮಗೆ ಇವನ ಹೆಸರು ಹೇಳುತ್ತಿರುವುದು ಮುಖ್ಯವಾಗಿ ಈ ವಾರ ವಾರದ ದುಡಿಮೆಗಾಗಿ. ನೇಣುಗಂಬದ ಕಥೆ ಒಂದು ಬೆಳಗಿನದು. ಪತ್ರಿಕೆಯದು, ಸಂಘಟನೆಯದು ವರ್ಷಗಟ್ಟಲೆಯದು. ಅವನ ಸಾವನ್ನು ನೆನೆದು ಕಣ್ಣೀರು ಹಾಕುವವರು ಬಹಳ. ಅವನ ದಿನಚರಿಯನ್ನು ನೆನೆಯುವವರು ಕಡಿಮೆ. ನೀವು ಎರಡನೆಯ ಗುಂಪಿಗೆ ಸೇರಿಕೊಳ್ಳಿ ಎಂಬುದು ನನ್ನ ಆಸೆ.

ಆದರೂ ಸಾವಿನ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಅದರಲ್ಲಿ ನಿಮಗೆ ಗೊತ್ತಿರಬೇಕಾದ ಒಂದು ಪಾಠವಿದೆ, ಅದೂ ಈ ಕಾಲಕ್ಕೆ ಬೇಕಾದದ್ದು.

1930ರ ಮೇ 5ರಂದು ಗಾಂಧೀಜಿಯನ್ನು ಬಂಧಿಸಿದರು. ಸೊಲ್ಲಾಪುರ ಬೀದಿಗಿಳಿಯಿತು. ಮೇ 8ರಂದು ಹೆಂಡದ ಮರ ಕಡಿಯಲು ಹೊರಟ ಗುಂಪಿಗೂ ಪೊಲೀಸರಿಗೂ ಘರ್ಷಣೆಯಾಯಿತು, ಗುಂಡು ಹಾರಿತು, ಶಂಕರ ಶಿವದಾರೆ ಎಂಬ ಯುವಕ ಸತ್ತ. ಜನ ರೊಚ್ಚಿಗೆದ್ದರು. ಮಂಗಳವಾರ ಪೇಟೆಯ ಪೊಲೀಸ್ ಚೌಕಿಗೆ ಬೆಂಕಿ ಬಿತ್ತು, ಇಬ್ಬರು ಪೊಲೀಸರು ಪ್ರಾಣ ಕಳೆದುಕೊಂಡರು, ಕೋರ್ಟು ಸುಟ್ಟುಹೋಯಿತು. ಪೊಲೀಸರು ಊರು ಬಿಟ್ಟರು. ಆಮೇಲಿನ ಮೂರು ದಿನ ಊರಿನ ಬೀದಿಗಳನ್ನು ಕಾದವರು ಕಾಂಗ್ರೆಸ್ಸಿನ ಸ್ವಯಂಸೇವಕರು. ಮೇ 12ರಂದು ಮಾರ್ಷಲ್ ಲಾ ಬಂತು. ಗಾಂಧಿ ಟೋಪಿ ಹಾಕುವುದೂ ಅಪರಾಧವಾಯಿತು. ಪೊಲೀಸರನ್ನು ಕೊಂದ ಆರೋಪ ಹೊತ್ತವರು ನಾಲ್ವರು: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಶನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್. ಒಬ್ಬ ಲಿಂಗಾಯತ, ಒಬ್ಬ ಮಾರವಾಡಿ, ಒಬ್ಬ ಮರಾಠ, ಒಬ್ಬ ಮುಸಲ್ಮಾನ. ಈ ನಾಲ್ವರೇ ಕೊಂದರು ಎಂಬುದನ್ನು ಸೊಲ್ಲಾಪುರದ ಜನ ಎಂದೂ ಒಪ್ಪಲಿಲ್ಲ. ರೊಚ್ಚಿಗೆದ್ದ ಗುಂಪಿನ ಕೈಗೆ ಕಲೆಕ್ಟರ್ ನೈಟ್ ಸಿಕ್ಕಿಬೀಳದಂತೆ ನಡುವೆ ನಿಂತು ಜನರನ್ನು ತಣಿಸಿದವನೇ ಧನಶೆಟ್ಟಿ ಎಂದು ಅಲ್ಲಿ ಈಗಲೂ ಹೇಳುತ್ತಾರೆ. ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡೆ ಜಾತ್ರೆ ಎಂದರೆ ಆ ಊರಿಗೆ ಊರೇ ನಂದಿಧ್ವಜ ಹೊತ್ತು ನಡೆಯುವ ಹಬ್ಬ. ಹಬ್ಬಕ್ಕೆ ಎರಡು ದಿನ ಇರುವಾಗ ನಾಲ್ವರನ್ನೂ ಗಲ್ಲಿಗೇರಿಸಿದರು.

ಈಗ ನನ್ನ ಮಾತನ್ನು ಗಮನವಿಟ್ಟು ಕೇಳಿ. ಗುಂಪು ಮಾಡಿದ್ದಕ್ಕೆ ಗುಂಪು ತಲೆ ಕೊಡುವುದಿಲ್ಲ. ಬೆಂಕಿ ಇಟ್ಟವನು ಕತ್ತಲಲ್ಲಿ ಕರಗುತ್ತಾನೆ. ಬೆಳಗ್ಗೆ ಪೊಲೀಸರು ಬಂದು ಎತ್ತಿಕೊಂಡು ಹೋಗುವುದು ಎಲ್ಲರಿಗೂ ಗುರುತಿರುವ ಮುಖವನ್ನು. ಸಭೆ ಕರೆದವನು, ಚಂದಾ ಎತ್ತಿದವನು, ಪತ್ರಿಕೆ ನಡೆಸಿದವನು ಸಿಕ್ಕಿಬೀಳುತ್ತಾನೆ. ಸಾರ್ವಜನಿಕ ಕೆಲಸಕ್ಕೆ ಇಳಿದವನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಅದೇ ಅವನಿಗೆ ಮುಳುವಾಗುತ್ತದೆ. ಅವನ ಹೆಸರು ಕುರ್ಬಾನ್ ಹುಸೇನ್ ಎಂದಿದ್ದರೆ ಇವತ್ತಿನ ದಿನ ಮುಳುವು ಇಮ್ಮಡಿ ಎಂದು ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಗುಂಪು ಮಾಡಿದ್ದಕ್ಕೆ ಕೆಲವರೇ ತಲೆ ಕೊಡುತ್ತಾರೆ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಶಿಕಾರಿಪುರ ತಾಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿತು. ಹುಡುಗರೇ ಅಮಲ್ದಾರರಾದರು, ಪೊಲೀಸರಾದರು. ಸೆಪ್ಟೆಂಬರಿನ ಗಲಭೆಯಲ್ಲಿ ಅಮಲ್ದಾರರೊಬ್ಬರು, ಸಬ್ ಇನ್‌ಸ್ಪೆಕ್ಟರೊಬ್ಬರು ಸತ್ತರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ನೇಣಿಗೆ ಹಾಕಿದರು. ಅವರ ಧೈರ್ಯದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಅಂಥ ಮಕ್ಕಳು ಬದುಕಿ ಉಳಿದಿದ್ದರೆ ಊರಿಗೆ ಎಷ್ಟು ಕೆಲಸಕ್ಕೆ ಬರುತ್ತಿದ್ದರು ಎಂದು ಸಂಕಟವೂ ಆಗುತ್ತದೆ.

ಇನ್ನು ನಮ್ಮ ತಾಲೂಕಿನ ಕಾಗೋಡನ್ನು ನೋಡಿ. ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದರಿಂದ ಎದ್ದ ತಕರಾರು ಅದು. ಅಳತೆಯ ಆ ಪಾತ್ರೆ ಸ್ವಲ್ಪ ಹೆಚ್ಚು ಹಿಡಿದರೆ ಗೇಣಿದಾರನ ಮನೆಯಲ್ಲಿ ಮಳೆಗಾಲದ ಅಷ್ಟು ದಿನದ ಗಂಜಿ ಹೋಯಿತು. ಎಚ್. ಗಣಪತಿಯಪ್ಪ ರೈತ ಸಂಘ ಕಟ್ಟಿದರು. 1951ರ ಏಪ್ರಿಲ್ 18ರಿಂದ ಗೇಣಿದಾರರು ತಂಡ ತಂಡವಾಗಿ ನೇಗಿಲು ಹಿಡಿದು ಗದ್ದೆಗೆ ಇಳಿದರು, ಬಂಧನಕ್ಕೆ ಕೈ ಕೊಟ್ಟರು, ಮರುದಿನ ಇನ್ನೊಂದು ತಂಡ ಇಳಿಯಿತು. ತೀರ್ಥಹಳ್ಳಿ ತಾಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಜೂನಿನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಸಾಗರದ ರೈಲು ನಿಲ್ದಾಣದಲ್ಲಿ ಅವರನ್ನೂ ಹಿಡಿದರು. ಅಷ್ಟೆಲ್ಲ ಜನ, ಅಷ್ಟೆಲ್ಲ ಸಿಟ್ಟು, ಆದರೂ ಯಾರೂ ಗಲ್ಲಿಗೆ ಹೋಗಲಿಲ್ಲ. 1974ರಲ್ಲಿ ಭೂಸುಧಾರಣೆ ಜಾರಿಗೆ ಬಂದು ಉಳುವವನು ಒಡೆಯನಾದಾಗ ಅದನ್ನು ಕಣ್ಣಾರೆ ನೋಡಲು ಗಣಪತಿಯಪ್ಪ ಇದ್ದರು. ಹುಡುಗರನ್ನು ಬದುಕಿಸಿಕೊಂಡು ಗೆಲ್ಲುವ ದಾರಿ ಇದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಬೇಕಿಲ್ಲ.

ಆ ದಾರಿಗೆ ಶಿಸ್ತು ಬೇಕು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಸೇವಾದಳ ಕಟ್ಟಿದಾಗ ಹುಡುಗರಿಗೆ ಮೊದಲು ಕಲಿಸಿದ್ದು ಕವಾಯತು, ಶಿಸ್ತು. ಮರುವರ್ಷ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಆ ಹುಡುಗರು ದುಡಿದರು. ಜನಜಂಗುಳಿಯನ್ನು ನೂಕುನುಗ್ಗಲಾಗದಂತೆ ನಡೆಸುವುದು, ಕುಡಿಯುವ ನೀರು ಒದಗಿಸುವುದು, ಕಳೆದುಹೋದ ಮಗುವನ್ನು ತಾಯಿಗೆ ಮುಟ್ಟಿಸುವುದು, ಇದೇ ಸ್ವಯಂಸೇವಕನ ಕೆಲಸ. ಗುಂಪಿನೊಳಗೆ ಒಬ್ಬನಾಗಿ ಕೂಗುವುದಕ್ಕೆ ಯಾವ ತರಬೇತಿಯೂ ಬೇಕಾಗಿಲ್ಲ. ಗುಂಪಿನ ಎದುರು ನಿಂತು ಸಾಕು ಎನ್ನುವುದಕ್ಕೆ ಬೇಕು. ನೀವು ಜಾತ್ರೆಗೋ, ಮೆರವಣಿಗೆಗೋ ಹೋಗುವಾಗ ಇದನ್ನು ನೆನಪಿಡಿ. ಮೊಬೈಲಿಗೆ ಬಂದ ಒಂದು ವಿಡಿಯೋ ನೋಡಿ ಬೈಕು ಹತ್ತಿಕೊಂಡು ಹೊರಡುವ ಮೊದಲು ಇನ್ನೂ ಹೆಚ್ಚು ನೆನಪಿಡಿ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ಬಹಳ ನೋವು ಕೊಡುತ್ತದೆ. ಸಾಬರ ಹುಡುಗನೊಬ್ಬ ಊರಿಗಾಗಿ ಓಡಾಡಿ ಚಿಕ್ಕ ವಯಸ್ಸಿಗೇ ತೀರಿಕೊಂಡರೆ ನಮ್ಮವರು ಹೊಗಳುವ ರೀತಿ. ಅವರಲ್ಲೂ ಇಂಥವನೊಬ್ಬ ಇದ್ದ ಎನ್ನುತ್ತಾರೆ. ಹೇಳುವವರಿಗೆ ಅದು ಪ್ರೀತಿಯ ಮಾತು. ಕೇಳುವ ತಾಯಿಗೆ ಹೇಗಿರುತ್ತದೆ? ಅವಳ ಮಗನನ್ನು ಮೇಲೆತ್ತಿ ಅವಳ ಕೇರಿಯನ್ನೆಲ್ಲ ಕೆಳಗೆ ತಳ್ಳಿದಂತೆ ಇರುತ್ತದೆ. ಕುರ್ಬಾನ್ ಹುಸೇನನ ಬಗ್ಗೆಯೂ ಹಾಗೆ ಮಾತಾಡುವವರಿದ್ದಾರೆ, ಅಪರೂಪದ ಒಂದು ಹೂವು ಎಂಬಂತೆ. ಅವನು ಬೆಳೆದದ್ದು ಸಾವಿರಾರು ಗಿರಣಿ ಕೆಲಸಗಾರರ ನಡುವೆ, ಅವನ ಮಾತು ಕೇಳಿ ಜೊತೆಗೆ ಬಂದವರ ನಡುವೆ. ಒಬ್ಬನೇ ಆಗಿದ್ದರೆ ಅವನಿಂದ ಏನೂ ಆಗುತ್ತಿರಲಿಲ್ಲ.

ನಮ್ಮ ಮಲೆನಾಡಿನಲ್ಲಿ ಎಲ್ಲರೂ ಕೂಡಿ ಬಾಳುವುದು ಹೊಸದಾಗಿ ಕಲಿಯಬೇಕಾದ ಸಂಗತಿಯೂ ಅಲ್ಲ. ತೀರ್ಥಹಳ್ಳಿ ತಾಲೂಕಿನ ಹಣಗೆರೆಕಟ್ಟೆಗೆ ಹೋಗಿ ಬನ್ನಿ. ಭೂತರಾಯ, ಚೌಡೇಶ್ವರಿ, ಸೈಯದ್ ಸಾದತರ ದರ್ಗಾ ಒಂದೇ ಸೂರಿನ ಕೆಳಗೆ. ಹರಕೆ ಹೊತ್ತು ಬಂದವರು ಯಾರು ಯಾವ ಕಡೆಯವರು ಎಂದು ಅಲ್ಲಿ ಕೇಳುವ ಪದ್ಧತಿಯಿಲ್ಲ. ನಾವು ಮುಳುಗಡೆಯವರಿಗಂತೂ ಇದು ಇನ್ನೂ ಚೆನ್ನಾಗಿ ಗೊತ್ತಿರಬೇಕು. ಮೊದಲು ಹಿರೇಭಾಸ್ಕರ ಅಣೆಕಟ್ಟು, ಆಮೇಲೆ 1964ರಲ್ಲಿ ಮುಗಿದ ಲಿಂಗನಮಕ್ಕಿ. ಶರಾವತಿಯ ನೀರು ಗದ್ದೆಗೆ ನುಗ್ಗಿದಾಗ ಜಾತಿ ಕೇಳಲಿಲ್ಲ. ಮನೆಯ ಸಾಮಾನು ಲಾರಿಗೆ ಹೇರಿ ಗುರುತಿಲ್ಲದ ಕಾಡಿನಲ್ಲಿ ಇಳಿಸಿದಾಗ ಒಲೆಗೆ ಕೆಂಡ ಕೊಟ್ಟವರನ್ನು ನಾವೂ ಜಾತಿ ಕೇಳಬಾರದಿತ್ತು.

ಹಾಗಾದರೆ ನಾವು ಏನು ಮಾಡಬೇಕು ಎಂದು ಕೇಳುತ್ತೀರಿ. ದೊಡ್ಡದೇನೂ ಹುಡುಕಬೇಡಿ. ಮಳೆಗಾಲಕ್ಕೆ ಮೊದಲು ಶಾಲೆ ಮಕ್ಕಳು ದಾಟುವ ಹಳ್ಳದ ಕಾಲುಸಂಕ ಗಟ್ಟಿ ಇದೆಯೇ ನೋಡಿ, ಇಲ್ಲದಿದ್ದರೆ ನಾಲ್ಕು ಜನ ಸೇರಿ ಸರಿಮಾಡಿ, ಪಂಚಾಯಿತಿಗೆ ಅರ್ಜಿಯನ್ನೂ ಕೊಡಿ. ಮುಯ್ಯಾಳಿನ ರೂಢಿ ನಮ್ಮ ರಕ್ತದಲ್ಲಿದೆ, ಅದನ್ನು ಗದ್ದೆ ನೆಟ್ಟಿಗೆ ಮಾತ್ರ ಮೀಸಲಿಡಬೇಡಿ. ನಿಮ್ಮ ರಕ್ತದ ಗುಂಪು ಬರೆದಿಟ್ಟುಕೊಳ್ಳಿ. ಪಿಂಚಣಿ ನಿಂತುಹೋದ ಅಜ್ಜಿಯ ಜೊತೆ ನಾಡಕಚೇರಿಗೆ ಹೋಗಿ, ಅರ್ಜಿ ನಿಮ್ಮ ಕೈಯಾರೆ ಬರೆದುಕೊಡಿ. ಹಿನ್ನೀರು ದಾಟಲು ಲಾಂಚ್ ಇದ್ದ ಕಾಲದಲ್ಲಿ ಸಂಜೆಯ ಕೊನೆಯ ಲಾಂಚ್ ಹೋದಮೇಲೆ ತುಮರಿ ಕಡೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಬಸುರಿಗೆ ನೋವು ಶುರುವಾದರೆ, ಆ ರಾತ್ರಿ ಹೇಗೆ ಕಳೆಯಬೇಕಾಗಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. 2025ರ ಜುಲೈ 14ರಂದು ಹಿನ್ನೀರಿನ ಸೇತುವೆ ಉದ್ಘಾಟನೆಯಾಯಿತು, ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ದಾರಿ ಆಯಿತು. ಆದರೆ ನಡುರಾತ್ರಿ ಎದ್ದು ಗಾಡಿ ತೆಗೆಯುವವನು ಬೇಕೇ ಬೇಕು, ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನವರೆಗೆ ಕೂರುವವನೂ ಬೇಕು.

ತಮ್ಮಂದಿರೇ, ಇಂಥ ಕೆಲಸ ಮಾಡುವಾಗ ನಿಮ್ಮ ಜೀವ ನೋಡಿಕೊಳ್ಳಿ. ಹಿನ್ನೀರಿಗೆ ಯಾರಾದರೂ ಬಿದ್ದಾಗ ಈಜು ಬರುತ್ತದೆ ಎಂಬ ಧೈರ್ಯದಲ್ಲಿ ಹಾಗೇ ಹಾರಬೇಡಿ. ಆ ನೀರಿನ ತಳದಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ. ಹಗ್ಗ, ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ. ಮೂರು ರಾತ್ರಿ ನಿದ್ದೆಗೆಟ್ಟು ನಾಲ್ಕನೆಯ ದಿನ ಬೈಕಿನಲ್ಲಿ ಘಾಟಿ ಇಳಿಯಬೇಡಿ. ಸೇವೆ ಮಾಡುವ ಹುಡುಗನಿಗೆ ಮನೆಯವರು ಊಟ ಹಾಕಿದರೆ ಸಾಲದು, ಅವನು ಮಲಗಿದನೇ ಎಂದೂ ನೋಡಬೇಕು, ಊರೂ ನೋಡಬೇಕು. ಎಲ್ಲ ಕೆಲಸಕ್ಕೂ ಅವನನ್ನೇ ಕರೆದು, ಹೋದಮೇಲೆ ಫ್ಲೆಕ್ಸ್ ಹಾಕುವ ಊರು ಆಗಬೇಡಿ. ಒಬ್ಬ ಮಾಡುವುದನ್ನು ಹತ್ತು ಜನ ಹಂಚಿಕೊಂಡರೆ ಅವನಿಗೆ ನಲವತ್ತು, ಐವತ್ತು, ಅರವತ್ತು ವರ್ಷವೂ ಆಗುತ್ತದೆ. ಕುರ್ಬಾನ್ ಹುಸೇನನಿಗೆ ಪರದೇಶದ ಸರ್ಕಾರ ಆ ವರ್ಷಗಳನ್ನು ಕೊಡಲಿಲ್ಲ. ನಮ್ಮ ನಡುವೆ ಇರುವವರಿಗೆ ಕೊಡುವುದು ನಮ್ಮ ಕೈಯಲ್ಲೇ ಇದೆ.

ಸೊಲ್ಲಾಪುರದ ಚೌಕದಲ್ಲಿ ಆ ನಾಲ್ವರ ಪ್ರತಿಮೆಗಳು ಒಟ್ಟಿಗೇ ನಿಂತಿವೆ. ಚಾರ್ ಪುತಳಾ ಎಂದರೆ ಆಟೋದವರು ನೇರ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ಅವರು ಗಲ್ಲಿಗೇರಿದ ಜನವರಿ 12 ವಿವೇಕಾನಂದರು ಹುಟ್ಟಿದ ದಿನವೂ ಹೌದು. 1985ರಿಂದ ಅದನ್ನು ರಾಷ್ಟ್ರೀಯ ಯುವ ದಿನವೆಂದು ಆಚರಿಸುತ್ತೇವೆ, ನಿಮ್ಮ ಕಾಲೇಜುಗಳಲ್ಲೂ ಪಟಕ್ಕೆ ಹಾರ ಹಾಕುತ್ತೀರಿ. ಈ ಸಲ ಆ ಕಾರ್ಯಕ್ರಮದಲ್ಲಿ ಎರಡು ನಿಮಿಷ ಬಿಡುವು ಮಾಡಿಕೊಂಡು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಶನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಎಂಬ ನಾಲ್ಕು ಹೆಸರನ್ನೂ ಓದಿ ಹೇಳಿ.