ಶನಿವಾರ ಮಧ್ಯಾಹ್ನದ ಸೇವೆ: ಮೊದಲ ಸಲ ಹೊರಡುವ ವಿದ್ಯಾರ್ಥಿಗಳಿಗೆ

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳ ನಡುವೆ ರೋಮ್‌ನ ಪ್ಲೇಗ್ ರೋಗಿಗಳನ್ನು ಆರೈಕೆ ಮಾಡುವ ತರುಣನೊಬ್ಬನಿದ್ದಾನೆ. ಅವನೇ ಅಲೋಶಿಯಸ್ ಗೊನ್ಜಾಗ. ಆ ಸೇವೆಯಲ್ಲಿ ಸೋಂಕು ತಗುಲಿ 1591ರಲ್ಲಿ ತೀರಿಕೊಂಡಾಗ ಅವನಿಗೆ 23 ವರ್ಷ. ನಮ್ಮ ಚರ್ಚುಗಳಲ್ಲಿ ಇಂದಿಗೂ ಬಡವರ ಮನೆಗೆ ಹೋಗಿ ಬರುವ ಸಂತ ವಿನ್ಸೆಂಟ್ ದಿ ಪೌಲ್ ಸಭೆಯನ್ನು 1833ರಲ್ಲಿ ಪ್ಯಾರಿಸ್‌ನಲ್ಲಿ ಗೆಳೆಯರ ಜೊತೆ ಕಟ್ಟಿದ ಫ್ರೆಡರಿಕ್ ಓಜಾನಮ್ 20 ವರ್ಷದ ವಿದ್ಯಾರ್ಥಿ. ಹಾಗಾಗಿ ಮಂಗಳೂರಿನ ಕ್ರೈಸ್ತ ಶಾಲೆಯಲ್ಲಿ ಓದುವ ನಿಮಗೆ ಸೇವೆ ಎಂಬುದು ಮನೆಯ ಆಸ್ತಿಯೇ. ನಿಮ್ಮ ಬೆಂಚಿನಲ್ಲಿ ಕೂರುವ ಹಿಂದೂ, ಮುಸ್ಲಿಂ ಗೆಳೆಯರನ್ನೂ ಕರೆದುಕೊಳ್ಳಿ. ಐದಾರು ಮಂದಿ ಸಾಕು.

ಹಂತ 1: ಬರೀ ನೋಡಿ

ಹಲವು ಶಾಲೆಗಳಲ್ಲಿರುವ ವೈಸಿಎಸ್ (ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್) ಘಟಕದವರು ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಹೇಳಿಕೊಟ್ಟ ಕ್ರಮವನ್ನು ಬಲ್ಲರು: ನೋಡು, ವಿವೇಚಿಸು, ಆಮೇಲೆ ಕೈಹಾಕು. ಮೊದಲ ಎರಡು ವಾರ ನೋಡುವುದನ್ನಷ್ಟೇ ಮಾಡಿ. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಏನಿದೆ? ಒಬ್ಬರೇ ಇರುವ ಅಜ್ಜಿ, ಮುಚ್ಚಿಹೋದ ಚರಂಡಿ, ಕಟ್ಟಡದ ಸೈಟಿನಲ್ಲಿ ಆಡುತ್ತಿರುವ ಮಕ್ಕಳು. ಕಂಡದ್ದನ್ನು ನೋಟ್‌ಪುಸ್ತಕದಲ್ಲಿ ಬರೆಯಿರಿ. ನಗರಪಾಲಿಕೆಗೆ 60 ವಾರ್ಡುಗಳಿವೆ, ನಿಮ್ಮದು ಯಾವುದೆಂದೂ ಗೊತ್ತುಮಾಡಿಕೊಳ್ಳಿ. ಬೀದಿದೀಪ, ಚರಂಡಿಯ ದೂರು ಕೊಡಲು ಅದು ಬೇಕು.

ಹಂತ 2: ಅನುಮತಿ ಮತ್ತು ಹೊತ್ತು

ಒಬ್ಬ ಟೀಚರ್ ಅಥವಾ ಸಿಸ್ಟರ್ ಜೊತೆಗಿರಲೇಬೇಕು. ಮುಖ್ಯೋಪಾಧ್ಯಾಯರ ಒಪ್ಪಿಗೆ, ಮನೆಯವರ ಸಹಿ ಇರುವ ಪತ್ರ ಎರಡೂ ಇರಲಿ. ಭಾನುವಾರ ಪೂಜೆ, ಧರ್ಮೋಪದೇಶ ಇರುತ್ತದೆ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲಿನ ಹೊತ್ತು ಹೆಚ್ಚಿನವರಿಗೆ ಹೊಂದುತ್ತದೆ.

ಹಂತ 3: ಒಂದೇ ಜಾಗ ಆರಿಸಿ

ಎಲ್ಲರೂ ಎಡವುವುದು ಇಲ್ಲೇ. ಒಂದು ವಾರ ವೃದ್ಧಾಶ್ರಮ, ಮುಂದಿನ ವಾರ ತಣ್ಣೀರುಬಾವಿ ಬೀಚ್, ಕ್ರಿಸ್ಮಸ್‌ಗೆ ಅನಾಥಾಲಯ ಎಂದು ಸುತ್ತಿದರೆ ಯಾರಿಗೂ ನಿಮ್ಮ ಗುರುತು ಹತ್ತುವುದಿಲ್ಲ. ಒಂದೇ ಜಾಗಕ್ಕೆ ಒಂದು ವರ್ಷ ಹೋಗಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ವಯಸ್ಸಿಗೆ ಒಪ್ಪುವ ಮೂರು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು ಓದಿಸುವುದು. ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ನಗರದ ಸರಕಾರಿ ಶಾಲೆಗಳಲ್ಲಿ ಕಲಿಯುತ್ತಾರೆ. ಒಬ್ಬರಿಗೆ ಒಂದೇ ಮಗು, ಅರ್ಧ ಗಂಟೆ ಗಟ್ಟಿಯಾಗಿ ಓದಿಸುವುದು, ಆಮೇಲೆ ಲೆಕ್ಕ. ಅವರ ಕನ್ನಡ ಕೇಳಿ ನಗಬೇಡಿ, ನಮ್ಮ ಕರಾವಳಿಯ ಪುಸ್ತಕದ ಕನ್ನಡ ಅವರ ಕಿವಿಗೂ ಅಷ್ಟೇ ಹೊಸದು. ನನ್ನನ್ನು ಕೇಳಿದರೆ, ಮೂರರಲ್ಲಿ ಹೆಚ್ಚು ಬೇಕಾದ ಕೆಲಸ ಇದು.

ಎರಡನೆಯದು ಹಿರಿಯರ ಜೊತೆ ಕೂರುವುದು. ಜೆಪ್ಪುವಿನ ಸಂತ ಅಂತೋನಿ ಆಶ್ರಮದಂಥ ಕಡೆ ಪೇಪರ್ ಓದಿ ಹೇಳಲು, ಕಾಗದ ಬರೆದುಕೊಡಲು, ಕೇರಂ ಆಡಲು ಜನ ಬೇಕಾಗುತ್ತಾರೆ.

ಮೂರನೆಯದು ಕಸ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು. ಜನ ಊರು ಬಿಡಬೇಕಾಯಿತು. ಅಲ್ಲಿ ಬಂದು ಬಿದ್ದದ್ದು ನಮ್ಮ ಮನೆಗಳ ಕಸವೇ. ಆದ್ದರಿಂದ ಬೀಚ್ ಗುಡಿಸುವುದಕ್ಕಿಂತ ಮೊದಲು ಶಾಲೆಯಲ್ಲಿ, ಫ್ಲ್ಯಾಟಿನಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿಸಿ. ಹೊರಗೆ ಕಸ ಹೆಕ್ಕುವಾಗ ದಪ್ಪ ಕೈಗವಸು, ಶೂ ಹಾಕಿ. ಸೂಜಿ, ಒಡೆದ ಗಾಜು ಕಂಡರೆ ಮುಟ್ಟದೆ ದೊಡ್ಡವರನ್ನು ಕರೆಯಿರಿ. ಸಮುದ್ರಕ್ಕೆ ಇಳಿಯಬೇಡಿ.

ಈ ಪಟ್ಟಿಯಲ್ಲಿ ರಕ್ತದಾನ ಇಲ್ಲ: ಅದಕ್ಕೆ 18 ತುಂಬಿರಬೇಕು, ಈಗಲೇ ಅವಸರ ಬೇಡ.

ಹಂತ 4: ಕೇಳಿ, ಆಮೇಲೆ ಹೋಗಿ

ಹೋಗುವ ಜಾಗದವರಿಗೆ ಟೀಚರ್ ಮೂಲಕ ಫೋನ್ ಮಾಡಿ ಕೇಳಬೇಕಾದದ್ದು ಇಷ್ಟು: ನಿಮಗೆ ಏನು ಬೇಕು, ಯಾವ ಹೊತ್ತಿಗೆ ಬಂದರೆ ತೊಂದರೆಯಿಲ್ಲ? ಕೇಳದೆ ಕೇಕು, ಬಿಸ್ಕತ್ತು ಹೊತ್ತುಕೊಂಡು ಹೋದರೆ ಸಕ್ಕರೆ ಕಾಯಿಲೆಯ ಅಜ್ಜನಿಗೆ ಅದರಿಂದ ಉಪಕಾರವಿಲ್ಲ. ಅವರು ಬೆಡ್‌ಶೀಟು ಅಥವಾ ಸೋಪು ಎಂದರೆ ಅದನ್ನೇ ಒಯ್ಯಿರಿ.

ಹಂತ 5: ಮೊದಲ ದಿನ

ಇಬ್ಬಿಬ್ಬರಾಗಿ ಇರಿ. ಬಾಗಿಲು ತೆರೆದಿರುವ, ದೊಡ್ಡವರ ಕಣ್ಣಿಗೆ ಬೀಳುವ ಕಡೆಯೇ ಕುಳಿತುಕೊಳ್ಳಿ. ಮೊಬೈಲ್ ಚೀಲದಲ್ಲಿರಲಿ. ಹಾಸಿಗೆಯಲ್ಲಿರುವವರ, ಕೈಚಾಚಿ ಏನನ್ನೋ ಪಡೆಯುತ್ತಿರುವ ಮಕ್ಕಳ ಫೋಟೊ ತೆಗೆಯಲೇಬೇಡಿ. ಅವರು ನಿಮ್ಮ ಶಾಲೆಯ ಕರಪತ್ರಕ್ಕೆಂದು ಅಲ್ಲಿ ಇಲ್ಲ. ದೇವರ ಮಾತನ್ನು ಅವರಾಗಿ ಎತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ಎತ್ತುವುದು ಬೇಡ.

ಮಾತಿಗೆ ಶುರು ಹೇಗೆ ಎಂಬ ಅಂಜಿಕೆ ಎಲ್ಲರಿಗೂ ಇರುತ್ತದೆ. ತುಳುವರಾದರೆ "ಒಣಸ್ ಆಂಡಾ?", ಕೊಂಕಣಿಯವರಾದರೆ "ಜೆವಣ್ ಜಾಲೆಂ?", ಕನ್ನಡದವರಾದರೆ "ಊಟ ಆಯ್ತಾ ಅಜ್ಜಿ?" ಸಾಕು. ಉಳಿದದ್ದನ್ನು ಅವರೇ ಹೇಳುತ್ತಾರೆ. ಹೇಳಿದ್ದನ್ನೇ ಮತ್ತೆ ಹೇಳಿದರೂ ಕೇಳಿ. ಮುಂದಿನ ವಾರ ಹೆಸರು ಹಿಡಿದು ಮಾತಾಡಿಸಿ. "ಬರುತ್ತೇನೆ" ಎಂದು ಮಾತು ಕೊಟ್ಟಿದ್ದರೆ ಬನ್ನಿ, ಜ್ವರ ಬಂದರೆ ಹೇಳಿ ಕಳಿಸಿ. ದಾರಿ ನೋಡುತ್ತ ಕೂರುವುದು ಅವರಿಗೆ ತುಂಬ ನೋವಿನ ಸಂಗತಿ.

ಹಂತ 6: ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ನಿಲ್ಲುತ್ತದೆ, ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಮನೆಯಲ್ಲೇ ಇರಿ. ಕಸದ ಕೆಲಸ ಆರಿಸಿದವರು ಆ ತಿಂಗಳುಗಳನ್ನು ಓದಿಸುವ ಕೆಲಸಕ್ಕೆ, ಹಳೆಯ ಪಠ್ಯಪುಸ್ತಕ ಜೋಡಿಸುವುದಕ್ಕೆ ಇಟ್ಟುಕೊಳ್ಳಿ. ವಾರ್ಡಿನ ತೊಂದರೆಯೊಂದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದರೆ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಸಮುದಾಯ ಬಾನುಲಿ ರೇಡಿಯೊ ಸಾರಂಗ್ 107.8ರವರನ್ನು, ಅದರ ಬಗ್ಗೆ ಅಲ್ಲಿ ಮಾತಾಡಬಹುದೇ ಎಂದು ಕೇಳಿ ನೋಡಿ.

ಹಂತ 7: ಕಿರಿಯರಿಗೆ ಒಪ್ಪಿಸಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬರುವ ಮೊದಲೇ, ನವೆಂಬರ್ ಹೊತ್ತಿಗೆ, ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಜೊತೆಗೆ ಕರೆದೊಯ್ದು ಪರಿಚಯ ಮಾಡಿಸಿ. ಯಾರಿಗೆ ಯಾವ ಮಗು, ಯಾವ ಪಾಠದವರೆಗೆ ಬಂದಿದೆ, ಯಾವ ಅಜ್ಜಿಗೆ ಕಿವಿ ಕೇಳಿಸುವುದಿಲ್ಲ ಎಂಬುದೆಲ್ಲ ನೋಟ್‌ಪುಸ್ತಕದಲ್ಲಿರಲಿ. ಪಿಯುಸಿಗೆ ಹೋದ ಮೇಲೆ ನಿಮಗೆ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸಿಗಬಹುದು. ಹಳೆಯ ಜಾಗದವರಿಗೆ ಮಾತ್ರ ಜೂನ್ ಮೊದಲ ವಾರವೇ ಹೊಸ ತಂಡದವರ ಹೆಸರು, ಬರುವ ದಿನ ತಿಳಿಸಿಬಿಡಿ.