ಮುತ್ತನ್ನು ಬಿಚ್ಚಿದ ಮೇಲೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಗಳಲ್ಲಿ ಬಹು ಕಾಲದಿಂದ ನಡೆದು ಬಂದ ಮುತ್ತು ಕಟ್ಟುವ ಪದ್ಧತಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಬುದ್ಧಿ ಬಲಿಯದ ಹುಡುಗಿಯ ಕೊರಳಿಗೆ ಮಣಿಗಳ ಸರವನ್ನು ಕಟ್ಟಿ, ಇವಳು ದೇವಿಗೆ ಸಲ್ಲುವವಳೆಂದು ಹೇಳುತ್ತಿದ್ದರು. ಆದರೆ ಪ್ರಾಯಕ್ಕೆ ಬಂದ ಕೂಡಲೇ ಅವಳ ಶರೀರವು ಊರಿನ ಉಳ್ಳವರಿಗೆ ಸಲ್ಲುತ್ತಿತ್ತು. ಹೀಗೆ ಬಿಡಲ್ಪಟ್ಟವರಲ್ಲಿ ಹೆಚ್ಚಿನವರು ದಲಿತರ ಮಕ್ಕಳೇ. ಗಂಡು ಸಂತಾನವಿಲ್ಲದ ಹೆತ್ತವರು, ಮುಪ್ಪಿನಲ್ಲಿ ನಮ್ಮನ್ನು ಸಾಕುವವರಾರು ಎಂಬ ಭಯದಿಂದಲೂ ಮಗಳನ್ನು ಬಿಟ್ಟದ್ದುಂಟು.

1982ರಲ್ಲಿ ಕರ್ನಾಟಕದ ಶಾಸನವು ಇದನ್ನು ನಿಷೇಧಿಸಿ, ಮಗಳನ್ನು ಬಿಟ್ಟ ಹೆತ್ತವರಿಗೆ 2ರಿಂದ 5 ವರುಷಗಳ ಸೆರೆಯನ್ನು ವಿಧಿಸಿತು. ಇಂಥ ಸ್ತ್ರೀಯು ಮಾಡಿಕೊಳ್ಳುವ ವಿವಾಹವು ಸಿಂಧುವೆಂದೂ ಸಾರಿತು. ಒಳ್ಳೇದೇ. ಆದರೂ ಸರವನ್ನು ಬಿಚ್ಚಿಟ್ಟವಳು ಮರುದಿನ ಏನನ್ನು ಉಣ್ಣಬೇಕು? ಅವಳಿಗೆ ಕೂಲಿ ಕೊಡುವವರಾರು? ಶಾಸನವು ಬಾಗಲನ್ನು ತೆರೆಯಬಲ್ಲದು. ಹೊರಗೆ ನಡೆಯುವದಕ್ಕೆ ದಾರಿ ಬೇರೆ ಬೇಕು.

ಆ ದಾರಿಯನ್ನು ಆ ಸ್ತ್ರೀಯರೇ ಕೂಡಿ ಮಾಡಿದರು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರನ್ನು ಏಳನೆಯ ವಯಸ್ಸಿನಲ್ಲಿಯೇ ದೇವಿಗೆ ಬಿಟ್ಟಿದ್ದರು. ಅವರು ಮುಂದೆ, 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣ ಸಂಸ್ಥೆಯನ್ನು ನಡಿಸುವವರಾದರು. 2018ರಲ್ಲಿ ಪದ್ಮಶ್ರೀ ಬಿರುದು ಹೊಂದಿದರು. ಆ ಸಂಸ್ಥೆಯಲ್ಲಿ ಕೂಡಿದವರು ಅದೇ ಸಂಕಟವನ್ನು ಉಂಡ ಸ್ತ್ರೀಯರು. ಸ್ವಸಹಾಯ ಸಂಘಗಳಲ್ಲಿ ಚೂರುಪಾರು ಹಣವನ್ನು ಕೂಡಿಟ್ಟು, ಅದರಿಂದ ಸಾಲ ತೆಗೆದು ಕುರಿ, ಎಮ್ಮೆಗಳನ್ನು ಕೊಳ್ಳುವದು ಅಲ್ಪ ಕಾರ್ಯವೆಂದು ಯಾರೂ ನಗಬಾರದು. ಯಾಕಂದರೆ ತನ್ನ ಹೆಸರಿನಲ್ಲಿ ನಾಲ್ಕು ರೂಪಾಯಿ ಇದ್ದವಳು ಬಾಗಲಿಗೆ ಬಂದವನಿಗೆ ಹೋಗೆಂದು ಹೇಳಬಲ್ಲಳು.

ಇನ್ನು ನಮ್ಮ ಪಾಲಿನ ಕೆಲಸವೇನು? ಮದುವೆ ಮಾಡಿಸಿಬಿಟ್ಟರೆ ಎಲ್ಲವೂ ಸರಿಹೋಯಿತೆಂದು ಕೆಲವರು ನೆನಸುತ್ತಾರೆ. ನಾವು ಹಾಗೆ ನೆನಸುವದಿಲ್ಲ. ಅವಳಿಗೆ ಇಷ್ಟವಿದ್ದರೆ ಆಗಲಿ. ಆದರೆ ಮಾನವನ್ನು ಗಂಡನಿಂದ ಎರವು ತರಬೇಕಾಗಿಲ್ಲ. ಹಿಂದಿನ ಸಂಗತಿಗಳನ್ನು ಅವಳ ಬಾಯಿಂದ ಕೇಳುವ ಚಪಲವನ್ನೂ ಬಿಡತಕ್ಕದ್ದು. ಕನಿಕರವೆಂಬ ಹೆಸರಿನಲ್ಲಿ ಹಳೇ ಗಾಯವನ್ನು ಕೆದಕುವವರು ನಮ್ಮೊಳಗೆ ಕಡಿಮೆ ಇಲ್ಲ. ತಾನಾಗಿ ಹೇಳಿದರೆ ಕೇಳಿ, ಕೇಳಿದ್ದನ್ನು ನಮ್ಮಲ್ಲಿಯೇ ಇಟ್ಟುಕೊಳ್ಳೋಣ. ಅಪರಾಧವು ಮಾಡಿದವನದು, ಈ ಮಾತನ್ನು ಅವಳ ಸಂಗಡ ಮಾತ್ರವಲ್ಲ, ಚಾವಡಿಯಲ್ಲಿಯೂ ಆಡಬೇಕು.

ಅವಳ ಮಗು ಶಾಲೆಗೆ ಬಂದಾಗ, ನಿನ್ನ ತಂದೆ ಯಾರೆಂದು ಹತ್ತು ಮಕ್ಕಳ ಮುಂದೆ ಕೇಳಬೇಡಿರಿ. ಉಪಾಧ್ಯಾಯರಾದವರು ತಾಯಿಯನ್ನು ಕುಳ್ಳಿರಿಸಿ, ಹೆಸರಿಗೆ ಅವ್ವ ಎಂಬದನ್ನು ಸೇರಿಸಿ ಕರೆದು, ಅವಳ ಹೆಸರನ್ನೇ ಮೊದಲು ಬರೆದುಕೊಳ್ಳಲಿ.